30 ಜನರ ಹಸಿ ತರಕಾರಿ ತಟ್ಟೆ: ಹೆಚ್ಚುವುದಕ್ಕಿಂತ ಒರೆಸುವ ಕೆಲಸವೇ ಜಾಸ್ತಿ

ಅಕ್ಕಾ, ನಿಮ್ಮ ಪ್ರಶ್ನೆ ನೋಡಿದೆ. ಐದು ವಾರಕ್ಕೆ ಗೃಹಪ್ರವೇಶ. ಬೆಳಗ್ಗೆ ಪೂಜೆ, ಊಟ ಮುಗಿದ ಮೇಲೆ ಸಂಜೆ 30 ಜನ ಬರುತ್ತಾರೆ. ಅವರಿಗೆ ಬೋಂಡಾ ಬಜ್ಜಿ ಬದಲು ತಾರಸಿಯಲ್ಲಿ ಬೆಳೆದ ತರಕಾರಿಯನ್ನೇ ಹಸಿಯಾಗಿ, ಚೆಂದ ಜೋಡಿಸಿ, ಡಿಪ್ (ಅದ್ದಿ ತಿನ್ನುವ ಗಟ್ಟಿ ಚಟ್ನಿ) ಜೊತೆ ಇಡಬೇಕು. ಎಷ್ಟು ಬೇಕು, ಯಾವಾಗ ಹೆಚ್ಚಬೇಕು, ಮಯೋನೀಸ್ ಬಿಟ್ಟರೆ ಬೇರೇನಿದೆ ಅಂತ ಕೇಳಿದ್ದೀರಿ. ಆಗಲೇ ನಾಲ್ಕೈದು ಜನ ಉತ್ತರವಾಗಿ ಇಂಥ ತಟ್ಟೆಗಳ ಫೋಟೋ ಹಾಕಿದ್ದಾರೆ, ನೋಡಲು ಚೆನ್ನಾಗಿವೆ. ಆದರೆ ಅರ್ಧ ಫೋಟೋದಲ್ಲಿ ಸೆಲರಿ ಅನ್ನುವ ವಿದೇಶಿ ದಂಟು ಇದೆ. ನಮ್ಮ ಅತ್ತೆ ಮಾವಂದಿರ ಮುಂದೆ ಸೆಲರಿ ಇಟ್ಟರೆ ಅದು ಹಾಗೇ ವಾಪಸ್ ಅಡುಗೆಮನೆಗೆ ಬರುತ್ತದೆ.

ಮೊದಲ ಸಲ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ತಮ್ಮನ ನಿಶ್ಚಿತಾರ್ಥದ ಹಿಂದಿನ ರಾತ್ರಿಯೇ ಎಲ್ಲ ಹೆಚ್ಚಿ ಒಂದೇ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಮುಚ್ಚಳ ತೆಗೆದೆ ನೋಡಿ, ಮೂಲಂಗಿ ವಾಸನೆ ಹಾಲ್‌ವರೆಗೂ ಹೋಯಿತು. ಬೀಟ್‌ರೂಟಿನ ಬಣ್ಣ ಸೌತೆಕಾಯಿಗೆ ಹತ್ತಿತ್ತು. ಡಿಪ್ ಮಜ್ಜಿಗೆಯ ಹಾಗೆ ತೆಳ್ಳಗಾಗಿತ್ತು. ಒಬ್ಬರು ಹಿರಿಯರು ಬಂದು, "ಹೆಚ್ಚಿಟ್ಟಿದ್ದೀಯಲ್ಲಮ್ಮ, ಒಲೆ ಮೇಲೆ ಯಾವಾಗ ಇಡ್ತೀಯಾ?" ಅಂತ ಕೇಳಿದರು. ಅವರು ತಮಾಷೆ ಮಾಡಿದ್ದಲ್ಲ, ನಿಜವಾಗಿಯೇ ಕೇಳಿದ್ದು.

ಆಮೇಲೆ ಹೊಳೆದದ್ದು, ಇದು ನಮಗೆ ಹೊಸ ತಿಂಡಿಯೇ ಅಲ್ಲ. ನನ್ನ ತವರು ಬಾಗಲಕೋಟೆ ಕಡೆ. ಅಲ್ಲಿ ಖಾನಾವಳಿಯಲ್ಲಿ ಕೂತರೆ ರೊಟ್ಟಿಯ ಜೊತೆ ಸೌತೆಕಾಯಿ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ, ಹಸಿ ಮೆಂತ್ಯ ತಪ್ಪಲು ಬರುತ್ತದೆ. ಪಕ್ಕದಲ್ಲಿ ಶೇಂಗಾ ಹಿಂಡಿ, ಗುರೆಳ್ಳು (ಹುಚ್ಚೆಳ್ಳು) ಹಿಂಡಿ, ಗಟ್ಟಿ ಮೊಸರು. ಹಿಂಡಿ ಅಂದರೆ ಚಟ್ನಿಪುಡಿ. ಹಿಂಡಿಗೆ ಮೊಸರು ಕಲಸಿಕೊಂಡು ಮೂಲಂಗಿ ಅದ್ದಿ ತಿನ್ನುವವರಿಗೆ ಅದು ಡಿಪ್ ಅಂತ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ನನ್ನ ಸಲಹೆ, ಫೋಟೋ ನೋಡಿ ಪದಾರ್ಥ ಹುಡುಕಬೇಡಿ. ಖಾನಾವಳಿ ತಟ್ಟೆಯನ್ನೇ ದೊಡ್ಡದು ಮಾಡಿ.

ಈಗ ತಾರಸಿ ವಿಷಯ. ಐದು ವಾರದಲ್ಲಿ ಹೊಸದಾಗಿ ಬಿತ್ತಿ ಪಡೆಯಬಹುದಾದದ್ದು ಗುಂಡು ಕೆಂಪು ಮೂಲಂಗಿ. 25ರಿಂದ 30 ದಿನಕ್ಕೆ ಕೀಳಲು ಬರುತ್ತದೆ. ಅದಕ್ಕಿಂತ ಜಾಸ್ತಿ ಬಿಟ್ಟರೆ ಒಳಗೆ ಬೆಂಡಾಗುತ್ತದೆ, ಖಾರವೂ ಏರುತ್ತದೆ. ಆದ್ದರಿಂದ ಅರ್ಧ ಬೀಜ ಗೃಹಪ್ರವೇಶಕ್ಕೆ 30 ದಿನ ಇರುವಾಗ, ಇನ್ನರ್ಧ ನಾಲ್ಕು ದಿನ ಬಿಟ್ಟು ಹಾಕಿ. ಮೆಂತ್ಯ ಎರಡು ವಾರ ಮುಂಚೆ ಹಾಕಿದರೂ ಎಳೆಯ ಸೊಪ್ಪು ಸಿಗುತ್ತದೆ. ಕ್ಯಾರೆಟ್ ಈಗ ಬಿತ್ತಿದರೆ ಆಗುವುದಿಲ್ಲ, ಅದಕ್ಕೆ ಎರಡೂವರೆ ಮೂರು ತಿಂಗಳು ಬೇಕು. ಸೌತೆ ಬಳ್ಳಿ ಈಗಾಗಲೇ ಹೂ ಬಿಟ್ಟಿದೆ ಅಂದಿದ್ದೀರಿ, ಸಂತೋಷ. ಕಾಯಿ ಎಳೆಯದಿರುವಾಗಲೇ, ಬಿಸಿಲೇರುವ ಮುಂಚೆ ಕೊಯ್ಯಿರಿ. ಪ್ರತಿ ಕಾಯಿಯ ತೊಟ್ಟಿನ ಕಡೆ ಒಂದು ಚೂರು ಕತ್ತರಿಸಿ ನೀವೇ ರುಚಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬದಿಗೆ. ತುದಿ ಉಜ್ಜಿ ನೊರೆ ತೆಗೆದರೆ ಸರಿಹೋಗುತ್ತದೆ ಅಂತ ನಂಬಿಕೊಂಡು ಅತಿಥಿಗೆ ಕೊಡಬೇಡಿ.

ಇಲ್ಲಿ ಒಂದು ಮಾತು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವೆಲ್ಲ ಸಗಣಿ, ಗಂಜಲ ಹಾಕಿ ಮಾಡಿದ ಜೀವಾಮೃತ, ಪಂಚಗವ್ಯ ಅಂತ ಸಂಭ್ರಮದಲ್ಲಿ ಎಲೆ ಕಾಯಿ ಎಲ್ಲದರ ಮೇಲೂ ಸಿಂಪಡಿಸುತ್ತೇವೆ. ಬೇಯಿಸಿ ತಿನ್ನುವಾಗ ನಡೆಯುತ್ತದೆ, ಹಸಿ ತಿನ್ನುವಾಗ ಅದೇ ಲೆಕ್ಕ ಅಲ್ಲ. ಸಗಣಿಯಲ್ಲಿರುವ ರೋಗಾಣು ಸಾಯಲು ಸಮಯ ಬೇಕು. ಅಮೆರಿಕದ ಸಾವಯವ ನಿಯಮದಲ್ಲಿ ಹಸಿ ಗೊಬ್ಬರ ಹಾಕಿದ ಮೇಲೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ 120 ದಿನ, ತಾಗದ ಬೆಳೆಗೆ 90 ದಿನ ಬಿಟ್ಟು ಕೊಯ್ಯಬೇಕು. ಈ ಸಂಜೆಗೆ ಅಂತ ಇಟ್ಟ ಕುಂಡಗಳಿಗೆ ಪೂರ್ತಿ ಕೊಳೆತ ಕಾಂಪೋಸ್ಟ್ ಮಾತ್ರ ಕೊಡಿ. ಸಗಣಿ ನೀರು, ಬೇವಿನೆಣ್ಣೆ ಎರಡೂ ಬೇಡ. ಸಿಪ್ಪೆ ತೆಗೆಯುವ ತರಕಾರಿಯನ್ನೂ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಆಮೇಲೆ ಚಾಕು ಇಡಿ. ಇಲ್ಲದಿದ್ದರೆ ಸಿಪ್ಪೆಯ ಮಣ್ಣನ್ನು ಚಾಕುವೇ ಒಳಗೆ ಒಯ್ಯುತ್ತದೆ.

ಅಳತೆ: ಆಮೇಲೆ ಊಟವೂ ಇದ್ದರೆ ತಲೆಗೆ 100 ಗ್ರಾಂ ಹೆಚ್ಚಿದ ತರಕಾರಿ ಸಾಕು. 30 ಜನಕ್ಕೆ 3 ಕೆಜಿ. ಸಿಪ್ಪೆ, ತೊಟ್ಟು, ತಿರುಳು ಹೋಗುವುದರಿಂದ ಕೊಳ್ಳುವಾಗ 4 ಕೆಜಿ ಹಿಡಿಯಿರಿ. ಕ್ಯಾರೆಟ್ ಮತ್ತು ಸೌತೆ ತಲಾ ಒಂದು ಕೆಜಿ, ನವಿಲುಕೋಸು ಮುಕ್ಕಾಲು ಕೆಜಿ, ಉಳಿದದ್ದು ದಪ್ಪ ಮೆಣಸಿನಕಾಯಿ, ಮೂಲಂಗಿ, ಚೆರ್ರಿ ಟೊಮೇಟೊ. ಡಿಪ್ ಎಲ್ಲ ಸೇರಿ ಒಂದೂಕಾಲು ಕೆಜಿ ಆದರೆ ಧಾರಾಳ.

ನವಿಲುಕೋಸನ್ನು ದಯವಿಟ್ಟು ಬಿಡಬೇಡಿ. ಎಲ್ಲರೂ ಸಾಂಬಾರಿಗೆ ಅಂತ ದೂರ ಇಡುವ ಈ ಗಡ್ಡೆ ಹಸಿಯಾಗಿ ತಿಂದರೆ ಕರುಂ ಕುರುಂ, ಸ್ವಲ್ಪ ಸಿಹಿ ಬೇರೆ. ಟೆನಿಸ್ ಚೆಂಡಿಗಿಂತ ಚಿಕ್ಕದನ್ನು ಆರಿಸಿ, ಸಿಪ್ಪೆಯನ್ನು ದಪ್ಪವಾಗಿ ತೆಗೆಯಿರಿ. ನಾರು ಇರುವುದು ಸಿಪ್ಪೆಯ ಕೆಳಗೇ. ಕ್ಯಾರೆಟ್ ನಾಟಿಗಿಂತ ಊಟಿಯದ್ದೇ ನೋಡಲು ಚೆಂದ, ತುಂಡು ಒಂದೇ ಸಮ ಬರುತ್ತದೆ. ಬ್ರೊಕೊಲಿ ಇಡಬೇಕು ಅನ್ನಿಸಿದರೆ ಕುದಿಯುವ ಉಪ್ಪುನೀರಿನಲ್ಲಿ ಒಂದು ನಿಮಿಷ ಹಾಕಿ ತಕ್ಷಣ ಐಸ್ ನೀರಿಗೆ ಹಾಕಿ, ಹಸಿರು ಎದ್ದು ಕಾಣುತ್ತದೆ. ಬೀನ್ಸ್ ಮಾತ್ರ ಹಸಿ ಇಡಬೇಡಿ, ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ಹೊಟ್ಟೆ ಕೆಡಿಸುತ್ತದೆ. ಮೊಳಕೆ ಕಾಳು ಯಾರೋ ಹೇಳಿದ್ದಾರೆ. ಬಸುರಿಯರು, ವಯಸ್ಸಾದವರು ಬರುವ ಮನೆ, ಹಬೆಯಲ್ಲಿ ಬೇಯಿಸದೆ ಕೊಡಬೇಡಿ. ಬೀಟ್‌ರೂಟ್ ನಾನಂತೂ ಬಿಟ್ಟೇ ಬಿಟ್ಟಿದ್ದೇನೆ.

ಈ ತಟ್ಟೆಯ ಮುಖ್ಯ ಕೆಲಸ ಇರುವುದೇ ನೀರಿನಲ್ಲಿ. ತರಕಾರಿ ಒಳಗೆ ನೀರು ತುಂಬಿರಬೇಕು, ಮೇಲೆ ಒಂದು ಹನಿಯೂ ಇರಬಾರದು. ಹೆಚ್ಚಿದ ಕ್ಯಾರೆಟ್, ನವಿಲುಕೋಸು, ಮೂಲಂಗಿಯನ್ನು ಐಸ್ ಹಾಕಿದ ನೀರಿನಲ್ಲಿ 20–30 ನಿಮಿಷ ಮುಳುಗಿಸಿಡಿ. ನೀರು ಕುಡಿದು ತುಂಡು ಬಿಗಿಯಾಗುತ್ತದೆ, ಮುರಿದರೆ ಟಕ್ ಅನ್ನುತ್ತದೆ. ಗುಂಡು ಮೂಲಂಗಿಯ ತಲೆಗೆ ಅಡ್ಡಡ್ಡ ನಾಲ್ಕು ಸೀಳು ಕೊಟ್ಟು ಇದೇ ನೀರಿಗೆ ಹಾಕಿದರೆ ಹೂವಿನ ಹಾಗೆ ಅರಳುತ್ತದೆ, ಮಕ್ಕಳಿಗೆ ತೋರಿಸಿ. ರಾತ್ರಿಯಿಡೀ ನೆನೆಸಿದರೆ ಮಾತ್ರ ಮೂಲಂಗಿಯ ಬಣ್ಣವೂ ರುಚಿಯೂ ನೀರಿಗೆ ಹೋಗುತ್ತದೆ.

ಆಮೇಲೆ ಹಳೇ ಕಾಟನ್ ಪಂಚೆ ಹಾಸಿ, ತುಂಡುಗಳನ್ನು ಹರಡಿ, ಮೇಲೆ ಇನ್ನೊಂದು ಬಟ್ಟೆಯಿಂದ ಒತ್ತಿ ಒರೆಸಿ. ಬೇಜಾರಿನ ಕೆಲಸ ಇದು, ಮಾಡಲೇಬೇಕು. ಒದ್ದೆ ತುಂಡಿಗೆ ಡಿಪ್ ಹತ್ತುವುದಿಲ್ಲ, ಜಾರಿ ಸೀರೆ ಮೇಲೆ ಬೀಳುತ್ತದೆ. ಸೌತೆಕಾಯಿಯ ನಡುವಿನ ತಿರುಳನ್ನು ಚಮಚದಲ್ಲಿ ಕೆರೆದು ತೆಗೆಯಿರಿ. ತರಕಾರಿ ಮೇಲೆ ಉಪ್ಪು ಉದುರಿಸಲೇಬೇಡಿ, ಹತ್ತು ನಿಮಿಷದಲ್ಲಿ ತಟ್ಟೆ ತುಂಬ ನೀರು. ಸೌತೆಕಾಯಿ ಗಾಡಿಯವರ ಹಾಗೆ ಉಪ್ಪು-ಖಾರದ ಪುಡಿ ಬೇರೆ ಬಟ್ಟಲಿನಲ್ಲಿಡಿ. ನವಿಲುಕೋಸಿಗೆ ಅದೇ ಸಾಕು ಅನ್ನುವವರೂ ಇದ್ದಾರೆ, ನಾನೂ ಒಬ್ಬಳು.

ಡಿಪ್‌ಗೂ ಇದೇ ಲೆಕ್ಕ. ಮೊಸರಿನ ನೀರು ತೆಗೆಯದೆ ಯಾವ ಡಿಪ್ಪೂ ನಿಲ್ಲುವುದಿಲ್ಲ. ಎರಡು ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೆ ಪಾತ್ರೆ ಇಟ್ಟು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಹೊರಗೆ ನೇತು ಹಾಕಿದರೆ ಹುಳಿ ಬರುತ್ತದೆ. ಬೆಳಗ್ಗೆ ಹೆಚ್ಚು ಕಡಿಮೆ 800 ಗ್ರಾಂ ಕಟ್ಟಿದ ಮೊಸರು ಸಿಗುತ್ತದೆ. ಕೆಳಗೆ ಇಳಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ, ಮೆತ್ತಗೆ ಬರುತ್ತದೆ.

ಅದರಲ್ಲಿ ಅರ್ಧಕ್ಕೆ ಆರು ದೊಡ್ಡ ಚಮಚ ಶೇಂಗಾ ಚಟ್ನಿಪುಡಿ, ಚಿಟಿಕೆ ಸಕ್ಕರೆ, ಒಂದು ಚಮಚ ಎಣ್ಣೆ. ಶೇಂಗಾ ಪುಡಿ ಹೊತ್ತು ಹೋದಂತೆ ನೀರು ಹೀರಿ ಗಟ್ಟಿಯಾಗುತ್ತದೆ, ಆದ್ದರಿಂದ ಬಡಿಸುವ ಅರ್ಧ ಗಂಟೆ ಮುಂಚೆ ಕಲಸಿ. ಇನ್ನರ್ಧಕ್ಕೆ ಹಸಿರು ಚಟ್ನಿ: ಕೊತ್ತಂಬರಿ, ಪುದೀನ, ಹಸಿಮೆಣಸು, ಒಂದು ಹಿಡಿ ಹುರಿಗಡಲೆ. ರುಬ್ಬುವಾಗ ನೀರಿನ ಬದಲು ಎರಡು ಐಸ್ ತುಂಡು ಹಾಕಿದರೆ ಬಣ್ಣ ಕಪ್ಪಾಗುವುದಿಲ್ಲ. ನಿಂಬೆರಸ ಕೊನೆಗೆ. ತೆಂಗಿನಕಾಯಿ ಹಾಕಬೇಡಿ, ಸಂಜೆ ಸೆಕೆಗೆ ಬೇಗ ಹಳಸುತ್ತದೆ.

ಮೂರನೆಯದು ಹುಚ್ಚೆಳ್ಳು, ನಮ್ಮ ಕಡೆ ಗುರೆಳ್ಳು ಅನ್ನುತ್ತೇವೆ. 100 ಗ್ರಾಂ ಹುಚ್ಚೆಳ್ಳನ್ನು ಚಟಪಟ ಅನ್ನುವವರೆಗೆ ಹುರಿದು, ಆರು ಬ್ಯಾಡಗಿ ಮೆಣಸಿನಕಾಯಿ, ಹುಣಸೆ, ಬೆಲ್ಲ, ಉಪ್ಪು ಸೇರಿಸಿ ಪುಡಿ ಮಾಡಿ. ಬಿಸಿ ಮಾಡಿ ಆರಿಸಿದ ಎಣ್ಣೆಯಲ್ಲಿ ಮುದ್ದೆಯ ಹಾಗೆ ಕಲಸಿ. ಇದರಲ್ಲಿ ಬೆಳ್ಳುಳ್ಳಿ ಇಲ್ಲ, ಪೂಜೆಯ ದಿನ ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಇದನ್ನೇ ತೋರಿಸಿ. ಕಪ್ಪು ಬಣ್ಣ ನೋಡಿ ಮುಖ ಸಿಂಡರಿಸಬೇಡಿ. ಬಿಳಿ ಬಟ್ಟಲಿನಲ್ಲಿಟ್ಟು ಪಕ್ಕಕ್ಕೆ ಕ್ಯಾರೆಟ್ ನಿಲ್ಲಿಸಿ, ಎಲ್ಲರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಮಯೋನೀಸ್ ಬೇಡ ಅಂದಿದ್ದೀರಿ, ಒಳ್ಳೆಯದೇ. ಹಸಿ ಮೊಟ್ಟೆಯ ಮಯೋನೀಸನ್ನು ತೆಲಂಗಾಣ 2024ರ ಅಕ್ಟೋಬರಿನಲ್ಲಿ, ತಮಿಳುನಾಡು 2025ರ ಏಪ್ರಿಲಿನಲ್ಲಿ ಒಂದೊಂದು ವರ್ಷಕ್ಕೆ ನಿಷೇಧಿಸಿದ್ದವು. ಮನೆಯಲ್ಲಿ ಮಾಡುವುದಂತೂ ಬೇಡ.

ಯಾರೂ ಕೇಳದ, ಆದರೆ ಎಲ್ಲರ ಮನಸ್ಸಿನಲ್ಲಿರುವ ವಿಷಯ ಎಂಜಲು. ಒಂದೇ ಬಟ್ಟಲಿಗೆ 30 ಜನ ಕಚ್ಚಿದ ಕ್ಯಾರೆಟ್ ಅದ್ದುವುದನ್ನು ನೋಡಿದರೆ ನಿಮ್ಮ ಅತ್ತೆ ಆ ಕಡೆ ತಲೆಯೂ ಹಾಕುವುದಿಲ್ಲ, ಅಲ್ವಾ? ನಾನು ಎರಡು ರೀತಿ ಮಾಡುತ್ತೇನೆ. ದೊಡ್ಡ ತಟ್ಟೆ ನೋಡಲು ಮತ್ತು ಬಡಿಸಿಕೊಳ್ಳಲು. ಪ್ರತಿ ಡಿಪ್‌ಗೂ ಒಂದು ಚಮಚ, ಪಕ್ಕದಲ್ಲಿ ಸಣ್ಣ ತಟ್ಟೆಗಳ ರಾಶಿ. ಇನ್ನೊಂದು, ಸಣ್ಣ ಗಾಜಿನ ಲೋಟದ ತಳಕ್ಕೆ ಎರಡು ಚಮಚ ಡಿಪ್ ಹಾಕಿ, ಅದರಲ್ಲಿ ನಾಲ್ಕೈದು ಉದ್ದ ತುಂಡು ನಿಲ್ಲಿಸಿ ಹಿರಿಯರ ಕೈಗೇ ಕೊಡುವುದು. ಅವರವರ ಲೋಟ ಅವರವರದು, ಎಷ್ಟು ಸಲ ಬೇಕಾದರೂ ಅದ್ದಲಿ. ಕಳೆದ ದೀಪಾವಳಿಗೆ ಲೋಟಗಳೇ ಮೊದಲು ಖಾಲಿಯಾದವು.

ಜೋಡಿಸುವುದಕ್ಕೆ ದೊಡ್ಡ ಹರಿವಾಣ ಇದ್ದರೆ ಅದೇ ಸಾಕು, ಮರದ ಹಲಗೆ ಕೊಳ್ಳಬೇಡಿ. ಹರಿವಾಣದಲ್ಲಿ ಐಸ್ ಹರಡಿ, ಮೇಲೆ ಒರೆಸಿದ ಬಾಳೆ ಎಲೆ ಹಾಸಿ. ಮೊದಲು ಡಿಪ್ ಬಟ್ಟಲುಗಳನ್ನು ಮೂರು ಕಡೆ ಇಡಿ, ನಡುವೆ ಒಟ್ಟಿಗೆ ಬೇಡ. ಆಮೇಲೆ ಉದ್ದ ತುಂಡುಗಳನ್ನು ಹಿಡಿ ಹಿಡಿಯಾಗಿ, ಒಂದೇ ದಿಕ್ಕಿಗೆ. ಕಿತ್ತಳೆ ಬಣ್ಣದ ಪಕ್ಕ ಹಸಿರು, ಹಸಿರಿನ ಪಕ್ಕ ಬಿಳಿ. ಸಂದಿಗಳಿಗೆ ಚೆರ್ರಿ ಟೊಮೇಟೊ, ಮೂಲಂಗಿ ಹೂ. ಅಂಚಿಗೆ ಮೆಂತ್ಯ ಸೊಪ್ಪಿನ ಕಟ್ಟು. ಬಾಳೆ ಎಲೆ ಕಾಣಿಸಲೇಬಾರದು ಅನ್ನುವಷ್ಟು ತುಂಬಿ. ಖಾಲಿ ಜಾಗ ಕಂಡರೆ ಬೇರೆಯವರು ತಿಂದು ಉಳಿಸಿದ ಹಾಗೆ ಕಾಣುತ್ತದೆ. ದಪ್ಪ ಮೆಣಸಿನಕಾಯಿ ಕೊರೆದು ಡಿಪ್ ತುಂಬಿಸುವುದು ಚೆಂದವೇ, ಆದರೆ ಬುಡ ಸಮ ಮಾಡದಿದ್ದರೆ ಉರುಳುತ್ತದೆ.

ಸಮಯ: ಕ್ಯಾರೆಟ್ ಬೆಳಗ್ಗೆಯೇ ಹೆಚ್ಚಿ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಬಹುದು, ಒಣಗಲು ಬಿಟ್ಟರೆ ಮೇಲೆ ಬಿಳಿ ಪೊರೆ ಬರುತ್ತದೆ. ನವಿಲುಕೋಸು, ಮೂಲಂಗಿ ಎರಡು ಗಂಟೆ ಮುಂಚೆ, ಮೂಲಂಗಿ ಬೇರೆ ಡಬ್ಬಿಯಲ್ಲಿ. ಸೌತೆ ಅರ್ಧ ಗಂಟೆ ಮುಂಚೆ. ಒಮ್ಮೆಗೇ ಎಲ್ಲ ಇಡಬೇಡಿ, ಅರ್ಧ ಫ್ರಿಜ್ಜಿನಲ್ಲಿರಲಿ. ಹೊರಗೆ ಎರಡು ಗಂಟೆ ದಾಟಿದ ಮೊಸರಿನ ಡಿಪ್ ಎತ್ತಿಬಿಡಿ.

ಇನ್ನೊಂದು, ನವಿಲುಕೋಸು ಕೊಳ್ಳುವಾಗ ಎಲೆ ಇರುವುದನ್ನೇ ಕೇಳಿ. ಎಲೆ ಬಾಡಿಲ್ಲ ಅಂದರೆ ಗಡ್ಡೆ ತಾಜಾ. ಅಂಗಡಿಯವರು ಎಲೆ ಮುರಿದು ಬಿಸಾಡಲು ಹೊರಟರೆ ತಡೆಯಿರಿ. ಮರುದಿನ ಸುಸ್ತಾಗಿರುತ್ತೀರಿ, ಆ ಎಲೆಗೆ ಒಂದು ಹಿಡಿ ತೊಗರಿಬೇಳೆ ಹಾಕಿದರೆ ಪಲ್ಯ ಆಗುತ್ತದೆ.