ಮೂರು ಕೋರ್ಸು, ಒಂದು ತೋಟ

ಸಿದ್ದಾಪುರ ಕಡೆಯ ಓದುಗನೊಬ್ಬ ಬರ್ದಿದ್ದಾನೆ: ಬಿಕಾಂ ಮುಗಿಸಿ ಅಡಿಕೆ ತೋಟ ನೋಡ್ಕೊಂಡಿದ್ದೀನಿ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂನಲ್ಲಿ ಸ್ಟ್ಯಾಟಿಸ್ಟಿಕ್ಸು, ಸಸ್ಯರೋಗ, ಪೈಥಾನ್ ಪ್ರೋಗ್ರಾಮಿಂಗು ಮೂರಕ್ಕೂ ಸೇರಿದೀನಿ, ಫ್ರೆಂಡ್ಸು ಕಲಸುಮೇಲೋಗರ ಅಂತ ನಗ್ತಾರೆ, ಒಂದನ್ನೇ ಹಿಡೀಲಾ?

ತಮ್ಮಾ, ನಗೋರು ನಗ್ಲಿ ಬಿಡು. ಒಂದೇ ವಿಷಯ ಬುಡದಿಂದ ಕಲೀಬೇಕು ಅನ್ನೋದ್ರಲ್ಲೂ ಅರ್ಥ ಇದೆ, ಸ್ಟ್ಯಾಟಿಸ್ಟಿಕ್ಸ್ ಗೊತ್ತಿಲ್ದೇ ಮುಂದಿನದಕ್ಕೆ ಹಾರಿದ್ರೆ ಎರಡನೇ ವಾರಕ್ಕೇ ಕಣ್ಣಿಗೆ ಕತ್ತಲೆ ಕಟ್ಟತ್ತೆ, ಒಪ್ದೆ. ಆದ್ರೆ ನಿನ್ನ ಪತ್ರದ ಕೊನೇಲಿ, ಯಾರೂ ಓದಲ್ಲ ಅನ್ಕೊಂಡು ಬರೆದ ಹಾಗೆ, ಒಂದು ಸಾಲಿದೆ ನೋಡು: ಅಡಿಕೆಗೆ ಕೊಳೆರೋಗ ಯಾವ ವಾರ ಬರತ್ತೆ ಅಂತ ಮಳೆ ಲೆಕ್ಕದಿಂದ ಮೊದ್ಲೇ ಹೇಳೋಕಾಗತ್ತಾ ಅಂತ. ಇದನ್ನೇ ಮೊದಲ ಸಾಲಲ್ಲಿ ಬರೀಬೇಕಿತ್ತು ಮಾರಾಯ! ಮೂರು ಕೋರ್ಸೂ ಅದಕ್ಕೇ ಬೇಕಾದವು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ಕೊಳೆಗೆ ಹೊಡೆಯೋ ಬೋರ್ಡೋ ದ್ರಾವಣ ಕಲಸೋದು ನಮ್ಮಲ್ಲಿ ಎಲ್ರಿಗೂ ಗೊತ್ತು, ಎರಡನೇ ಔಷಧಿ ಯಾವಾಗ ಹೊಡೀಬೇಕು ಅನ್ನೋದ್ರಲ್ಲೇ ತಕರಾರು, ಮಳೆ ಬಿಟ್ಟ ದಿನ ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡ ಸಿಗಲ್ಲ, ಅವನು ಸಿಕ್ಕಿದ ದಿನ ಮಳೆ ಬಿಡಲ್ಲ.

ಇಷ್ಟು ಚೆನ್ನಾಗಿರೋ ಪ್ರಶ್ನೆ ಇಟ್ಕೊಂಡು ಸರ್ಟಿಫಿಕೇಟ್ ಚಿಂತೆ ಯಾಕೆ? ಪಾಠ ಎಲ್ರಿಗೂ ತೆರೆದೇ ಇದೆ: ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ತಮ್ಮ ಪಾಠಗಳನ್ನ ಎಲ್ರಿಗೂ ಬಿಟ್ಟುಕೊಡ್ತೀವಿ ಅಂತ 2001ರಲ್ಲೇ ಹೇಳಿದ್ರು, ನಮ್ಮ ಐಐಟಿಗಳ ಆನ್‌ಲೈನ್ ಪಾಠ ಎನ್‌ಪಿಟೆಲ್ 2003ರದ್ದು, ಸ್ವಯಂ 2017ರಲ್ಲಿ ಬಂತು. ಸ್ವಯಂನಲ್ಲಿ ಸಿಗೋ ಎನ್‌ಪಿಟೆಲ್ ಕೋರ್ಸಿಗೆ ಸೇರೋದು ಫ್ರೀ, ದುಡ್ಡು ಪರೀಕ್ಷೆಗೆ ಮಾತ್ರ. ಹನ್ನೆರಡು ವಾರದ ಕೋರ್ಸಲ್ಲಿ ಒಳ್ಳೇ ಎಂಟು ಅಸೈನ್‌ಮೆಂಟನ್ನೇ ಲೆಕ್ಕಕ್ಕೆ ಹಿಡೀತಾರೆ, ಅಂದ್ರೆ ನಾಲ್ಕು ವಾರ ತೋಟದ ಕೆಲ್ಸಕ್ಕೆ ಹೋದ್ರೂ ನಡೀತದೆ. ಪರೀಕ್ಷೆ ಬೇಡ ಅಂದ್ರೆ ಬೇಕಾದ ನಾಲ್ಕು ವೀಡಿಯೋ ನೋಡಿ ಎದ್ದು ಬಾ, ಯಾರೂ ಕೇಳಲ್ಲ.

ನಂಗೆ ಸಿಟ್ಟು ಬರೋದು ಬೇರೆ ಕಡೆ. ಎಸ್ಸೆಸ್ಸೆಲ್ಸಿ ಮುಗಿದ ತಕ್ಷಣ ಸೈನ್ಸಾ, ಕಾಮರ್ಸಾ, ಆರ್ಟ್ಸಾ ಅಂತ ಹುಡುಗ್ರನ್ನ ಮೂರು ಬೇಲಿ ಒಳಗೆ ಕೂಡಿ ಹಾಕ್ತೀವಿ, ಆಮೇಲೆ ಕಾಮರ್ಸ್ ಹುಡುಗ ಗಿಡದ ರೋಗ ಓದಿದ್ರೆ ಕಲಸುಮೇಲೋಗರ ಅಂತೀವಿ. ಯುಜಿಸಿಯ 2021ರ ನಿಯಮದಲ್ಲಿ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸನ್ನ ಸ್ವಯಂನಿಂದ ತಗೊಳ್ಳೋಕೆ ಅವಕಾಶ ಇದೆ. ನಮ್ಮ ಕಡೆ ಎಷ್ಟು ಕಾಲೇಜು ಇದನ್ನ ಮಕ್ಕಳಿಗೆ ಹೇಳಿದಾವೆ? ಹೇಳಿದ್ರೂ ಅಪ್ಪ-ಅಮ್ಮಂದು ಒಂದೇ ಪ್ರಶ್ನೆ, ಸ್ಕೋಪ್ ಇದ್ಯಾ ಅಂತ. ಮೇಲಿಂದ ಪಾಠ ಬಹುಪಾಲು ಇಂಗ್ಲಿಷಲ್ಲಿ, ಅದರ ಬಗ್ಗೆ ಬರೆಯೋಕೆ ಕೂತ್ರೆ ಈ ಪುಟ ಸಾಲಲ್ಲ.

ಒಂದು ಮಾತ್ರ ಕೇಳು, ಜುಲೈ ಬ್ಯಾಚಿಗೆ ಮೂರನ್ನೂ ಹಾಕ್ಕೋಬೇಡ, ಔಷಧಿ ಹೊಡೆಯೋ ಗಡಿಬಿಡಿ ಅದೇ ಹೊತ್ತಿಗೆ, ಕರೆಂಟೂ ಇರಲ್ಲ. ಈಗ ಸ್ಟ್ಯಾಟಿಸ್ಟಿಕ್ಸು, ಜೊತೆಗೆ ಸಸ್ಯರೋಗದಲ್ಲಿ ಕೊಳೆಗೆ ಸಂಬಂಧಪಟ್ಟ ಪಾಠ ಅಷ್ಟೇ. ಪೈಥಾನ್ ಜನವರಿಗೆ ಇರ್ಲಿ. ಅಷ್ಟರೊಳಗೆ ದಿನಾ ಮಳೆ ಅಳೆದು ಬರೆದಿಡು, ಆ ಲೆಕ್ಕ ಯಾವ ಕೋರ್ಸಲ್ಲೂ ಸಿಗಲ್ಲ.