ಟ್ರಾಫಿಕ್‌ನಲ್ಲಿ ಹೀಟ್ ಆಗುವ ಹಳೇ ಕಾರು: ಹೆಡ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. 20 ವರ್ಷ ದಾಟಿದ ಪೆಟ್ರೋಲ್ ಕಾರು. ಖಾಲಿ ರಸ್ತೆಯಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇರುತ್ತದೆ. ಟ್ರಾಫಿಕ್‌ನಲ್ಲಿ 10 ನಿಮಿಷ ಸಿಕ್ಕಿಹಾಕಿಕೊಂಡರೆ ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಕೂಲೆಂಟ್ ಬದಲಾಯಿಸಿದ್ದಾಯಿತು, ಥರ್ಮೋಸ್ಟಾಟ್ ತೆಗೆಸಿದ್ದಾಯಿತು, ಆದರೂ ಅದೇ ಕಥೆ. ಈಗ ಮೆಕ್ಯಾನಿಕ್ "ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಇಡುವ ಹಾಳೆ) ಹೋಗಿದೆ, ಎಂಜಿನ್ ಬಿಚ್ಚಬೇಕು" ಅಂತಿದ್ದಾರೆ. ಬಿಚ್ಚಿಸಬೇಕಾ ಬೇಡವಾ ಅಂತ ಕೇಳಿದ್ದೀರಿ.

ಈಗಲೇ ಬಿಚ್ಚಿಸಬೇಡಿ.

ಯಾಕೆಂದರೆ ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಎಂಜಿನ್ ಹೀಟ್ ಆಗುತ್ತದೆ ಅನ್ನುವುದಕ್ಕಿಂತ ಯಾವಾಗ ಹೀಟ್ ಆಗುತ್ತದೆ ಅನ್ನುವುದು ಮುಖ್ಯ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗೆ ಇಡುತ್ತದೆ, ಫ್ಯಾನ್ ಇಲ್ಲದಿದ್ದರೂ ನಡೆಯುತ್ತದೆ. ನಿಂತಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ. ನಿಂತಾಗ ಮಾತ್ರ ಮುಳ್ಳು ಏರಿ, ಮತ್ತೆ ಓಡಿಸಿದ ತಕ್ಷಣ ಇಳಿಯುತ್ತದೆ ಅಂದರೆ ಮೊದಲ ಅನುಮಾನ ಗಾಳಿಯ ಮೇಲೆ. ಹೆಡ್ ಗ್ಯಾಸ್ಕೆಟ್ ಸೋರಿದ್ದರೆ ಸಾಮಾನ್ಯವಾಗಿ ಉಲ್ಟಾ ಆಗುತ್ತದೆ: ಏರು ಹತ್ತುವಾಗ, ಜೋರಾಗಿ ಓಡಿಸುವಾಗ, ಅಂದರೆ ಎಂಜಿನ್ ಮೇಲೆ ಭಾರ ಬಿದ್ದಾಗ ಜಾಸ್ತಿ ಬಿಸಿಯಾಗುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಬಿಸಿ ಎಂಜಿನ್ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆಯಲೇಬೇಡಿ. ಬಟ್ಟೆ ಹಿಡಿದು ನಿಧಾನಕ್ಕೆ ತಿರುಗಿಸುತ್ತೇನೆ ಅಂತಲೂ ಬೇಡ. ಒಳಗಿನ ನೀರು 100 ಡಿಗ್ರಿ ಮೀರಿರುತ್ತದೆ, ಒತ್ತಡದಿಂದಾಗಿ ಕುದಿಯದೆ ಕೂತಿರುತ್ತದೆ. ಕ್ಯಾಪ್ ಸಡಿಲವಾದ ಕ್ಷಣ ಅಷ್ಟೂ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಕೈಯಲ್ಲಿ ಹಿಡಿದು ಅದುಮುವಷ್ಟು ತಣ್ಣಗಾಗುವವರೆಗೆ ಕಾಯಿರಿ, ಅರ್ಧ ಗಂಟೆಯೋ ಒಂದು ಗಂಟೆಯೋ. ಹಾಗೆಯೇ ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು.

ಈಗ ಫ್ಯಾನ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾನೇ ಇದರಲ್ಲಿ ನಾಲ್ಕು ತಿಂಗಳು ಕಳೆದವನು. ನನ್ನ ಹಳೇ ಕಾರಿಗೂ ನಿಮ್ಮದೇ ಲಕ್ಷಣ. ರೇಡಿಯೇಟರ್ ಬದಲಾಯಿಸಿದೆ, ವಾಟರ್ ಪಂಪ್ ಬದಲಾಯಿಸಿದೆ. ಎಲ್ಲರೂ ಬಾನೆಟ್ ಎತ್ತಿ "ಫ್ಯಾನ್ ತಿರುಗ್ತಾ ಇದೆಯಲ್ಲ, ಅದು ಸರಿ ಇದೆ" ಅಂತ ಹೇಳಿ ಮುಂದೆ ಹೋಗುತ್ತಿದ್ದರು. ಫ್ಯಾನ್ ತಿರುಗುತ್ತಿತ್ತು ನಿಜ. ಆದರೆ ಸಾಕಷ್ಟು ಜೋರಾಗಿ ತಿರುಗುತ್ತಿರಲಿಲ್ಲ. ಕೊನೆಗೆ ಒಂದು ದಿನ ಮಲ್ಟಿಮೀಟರ್ ತಂದು ಎಂಜಿನ್ ಆನ್ ಇಟ್ಟು ಅಳೆದೆ. ಬ್ಯಾಟರಿಯ ಹತ್ತಿರ 13.8 ವೋಲ್ಟ್, ಫ್ಯಾನ್ ಕನೆಕ್ಟರ್‌ನಲ್ಲಿ 10 ವೋಲ್ಟ್ ಕೂಡ ಇಲ್ಲ. ಕಾರಿನ ಲೋಹದ ಮೈಗೆ ಬಿಗಿದಿದ್ದ ಅರ್ಥ್ ವೈರಿನ ಬುಡ ಹಸಿರುಗಟ್ಟಿ ಹೋಗಿತ್ತು. ಅದನ್ನು ಉಜ್ಜಿ, ಹೊಸ ಲಗ್ ಹಾಕಿ ಬಿಗಿದ ಮೇಲೆ ಫ್ಯಾನ್ ಶಬ್ದವೇ ಬೇರೆಯಾಯಿತು. ಹೀಟ್ ಆಗುವುದು ಅಂದಿಗೇ ನಿಂತಿತು. ಆವತ್ತಿನಿಂದ ಅಳೆಯದೆ ಒಂದು ಪಾರ್ಟನ್ನೂ ಬದಲಾಯಿಸಿಲ್ಲ.

ನೀವು ಹೀಗೆ ಮಾಡಿ. ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದರೆ ಫ್ಯಾನ್ ತಾನಾಗಿ ಓಡಬೇಕು. ಎಸಿಗೆ ಓಡುತ್ತದೆ, ಆದರೆ ಎಸಿ ಇಲ್ಲದೆ ಎಂಜಿನ್ ಬಿಸಿಯಾದಾಗ ಓಡುವುದಿಲ್ಲ ಅಂದರೆ ಮೋಟಾರ್ ಬದುಕಿದೆ, ಅದನ್ನು ಆನ್ ಮಾಡುವ ಥರ್ಮೋ ಸ್ವಿಚ್ಚೋ ಸೆನ್ಸರೋ ಕೆಟ್ಟಿದೆ. (ಕೆಲವು ಕಾರುಗಳಲ್ಲಿ ಎಸಿಗೆ ಬೇರೆ ಫ್ಯಾನ್ ಇರುತ್ತದೆ, ಎರಡು ಫ್ಯಾನ್ ಕಂಡರೆ ಯಾವುದು ತಿರುಗುತ್ತಿದೆ ಅಂತ ನೋಡಿ.) ಎರಡಕ್ಕೂ ಓಡುವುದಿಲ್ಲ ಅಂದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ ಡಬ್ಬಿ), ಆಮೇಲೆ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟು ನೋಡುವುದು. ಥರ್ಮೋ ಸ್ವಿಚ್ ಎರಡು ವೈರಿನದಾಗಿದ್ದರೆ, ಇಗ್ನಿಷನ್ ಆನ್ ಇಟ್ಟು ಅದರ ಕನೆಕ್ಟರ್ ಕಳಚಿ ಎರಡು ವೈರ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ. ಫ್ಯಾನ್ ಓಡಿದರೆ ಸ್ವಿಚ್ ಹೋಗಿದೆ ಅಂತ ಖಾತ್ರಿ. ಕೈ, ಬಟ್ಟೆ ತುದಿ ಫ್ಯಾನಿನಿಂದ ದೂರ ಇರಲಿ. ಎಂಜಿನ್ ಆಫ್ ಮಾಡಿದ ಮೇಲೂ ಬಿಸಿಗೆ ತಟ್ಟನೆ ಶುರುವಾಗುವ ಫ್ಯಾನ್‌ಗಳಿವೆ.

ಓಡುವ ಫ್ಯಾನ್ ಸಾಕಷ್ಟು ಗಾಳಿ ಎಳೆಯುತ್ತಿದೆಯಾ ಅಂತ ತಿಳಿಯಲು ಒಂದು ಹಾಳೆ ಸಾಕು. ಫ್ಯಾನ್ ರೇಡಿಯೇಟರ್ ಹಿಂದೆ ಇರುವ ಗಾಡಿಯಾದರೆ, ಮುಂದಿನಿಂದ ಗ್ರಿಲ್ ಹತ್ತಿರ ಹಾಳೆ ಹಿಡಿಯಿರಿ. ಅದು ಒಳಕ್ಕೆ ಎಳೆದುಕೊಂಡು ಅಂಟಿಕೊಂಡು ನಿಲ್ಲಬೇಕು. ಜೋತು ಬಿದ್ದರೆ ಫ್ಯಾನ್ ಸೋತಿದೆ, ಇಲ್ಲವೇ ಯಾರೋ ರಿಪೇರಿ ಮಾಡುವಾಗ ವೈರ್ ಅದಲುಬದಲು ಮಾಡಿ ಉಲ್ಟಾ ತಿರುಗುತ್ತಿದೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರ್ ಇದೆಯಾ ನೋಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಮುರಿದಿದೆ ಅಂತ ಕಿತ್ತು ಬಿಸಾಡಿರುತ್ತಾರೆ. ಅದಿಲ್ಲದಿದ್ದರೆ ಫ್ಯಾನ್ ಎಂಜಿನ್ ಕಡೆಯ ಬಿಸಿಗಾಳಿಯನ್ನೇ ಸುತ್ತಿ ಸುತ್ತಿ ಎಳೆಯುತ್ತದೆ. ನಿಮ್ಮದು ವಾಟರ್ ಪಂಪ್ ಮುಂದೆ ಬೆಲ್ಟಿನಿಂದ ತಿರುಗುವ ಫ್ಯಾನ್ ಆಗಿದ್ದರೆ ಅದರ ನಡುವೆ ಸಿಲಿಕೋನ್ ಎಣ್ಣೆಯ ಕ್ಲಚ್ ಇರಬಹುದು. ಎಂಜಿನ್ ಪೂರ್ತಿ ಬಿಸಿಯಾದಾಗ ಆಫ್ ಮಾಡಿ, ಕೀ ಕೈಯಲ್ಲಿಟ್ಟುಕೊಂಡು ಫ್ಯಾನ್ ತಿರುಗಿಸಿ ನೋಡಿ. ಬಿಗಿಯಾಗಿ ತಿರುಗಬೇಕು. ಗಿರಗಿರ ಅಂತ ನಾಲ್ಕೈದು ಸುತ್ತು ಹೋದರೆ ಕ್ಲಚ್ ಸತ್ತಿದೆ.

ಗಾಳಿಯ ವಿಷಯದಲ್ಲೇ ಇನ್ನೊಂದಿದೆ. ಎಸಿ ಇರುವ ಕಾರಿನಲ್ಲಿ ರೇಡಿಯೇಟರ್ ಮುಂದೆ ಅದರಂತೆಯೇ ಕಾಣುವ ಎಸಿಯ ಕಂಡೆನ್ಸರ್ ಇರುತ್ತದೆ. ಇವೆರಡರ ನಡುವಿನ ಸಂದಿಯಲ್ಲಿ ವರ್ಷಗಟ್ಟಲೆ ಧೂಳು, ಹುಳ, ಒಣಗಿದ ಎಲೆ ತುಂಬಿ ಕಂಬಳಿಯ ಹಾಗೆ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಎಂಜಿನ್ ತಣ್ಣಗಿರುವಾಗ ಒಳಗಿನಿಂದ ಹೊರಕ್ಕೆ, ಅಂದರೆ ಫ್ಯಾನ್ ಕಡೆಯಿಂದ, ಸಾಧಾರಣ ಪೈಪಿನ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ತೆಳು ಫಿನ್‌ಗಳು ಮಡಚಿಕೊಂಡು ಇನ್ನೂ ಕೆಡುತ್ತದೆ.

ಇನ್ನು ಥರ್ಮೋಸ್ಟಾಟ್. ದಯವಿಟ್ಟು ವಾಪಸ್ ಹಾಕಿಸಿ. ಅದನ್ನು ಕಿತ್ತುಹಾಕಿದರೆ ಗಾಡಿ ತಣ್ಣಗಿರುತ್ತದೆ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ನನಗೂ ಸಿಕ್ಕಿತ್ತು. ಅದು ತಪ್ಪು. ಥರ್ಮೋಸ್ಟಾಟ್ ಒಳಗೊಂದು ಮೇಣದ ಗುಳಿಗೆ ಇರುತ್ತದೆ, ಸುಮಾರು 82ರಿಂದ 88 ಡಿಗ್ರಿಗೆ ಕರಗಿ ಹಿಗ್ಗಿ ರೇಡಿಯೇಟರಿಗೆ ನೀರು ಬಿಡುವ ಬಾಗಿಲು ತೆರೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಅದೇ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತಾ ಇನ್ನೊಂದು ತುದಿಯಿಂದ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥ ಎಂಜಿನ್‌ನಿಂದ ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಒಂದಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ. ಹಾಗಾಗಿ ತೆಗೆಸಿದ ಮೇಲೆ ಬಿಸಿ ಇನ್ನೂ ಜಾಸ್ತಿಯಾದರೂ ಆಶ್ಚರ್ಯ ಇಲ್ಲ. ಅಂಥ ಬೈಪಾಸ್ ಇಲ್ಲದ ಎಂಜಿನ್‌ನಲ್ಲೂ ಓಡುವಾಗ ಎಂಜಿನ್ ತೀರಾ ತಣ್ಣಗಿದ್ದು ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಹಳೆಯದು ಕೈಯಲ್ಲಿದ್ದರೆ ಒಂದು ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ತೂಗುಬಿಟ್ಟು, ಥರ್ಮಾಮೀಟರ್ ಹಾಕಿ ಕಾಯಿಸಿ. ಅದರ ಮೇಲೆ ಬರೆದಿರುವ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ಬಾಯಿ ಬಿಟ್ಟಿರಬೇಕು. ಹಾಗಾದರೆ ಅದರ ತಪ್ಪಿಲ್ಲ.

ರೇಡಿಯೇಟರ್ ಕ್ಯಾಪ್ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಅದೊಂದು ಮುಚ್ಚಳ ತಾನೇ ಅಂದುಕೊಳ್ಳುತ್ತಾರೆ. ಅದು ವಾಲ್ವ್. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿದರೆ ಸುಮಾರು 107ಕ್ಕೆ. ಅದೇ ಮಿಶ್ರಣವನ್ನು 15 ಪಿಎಸ್‌ಐ (ಸುಮಾರು 1 ಬಾರ್) ಒತ್ತಡದ ಕ್ಯಾಪ್ ಹಿಡಿದಿಟ್ಟರೆ 125 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಈ ಲಾಭ ಪೂರ್ತಿ ಹೋಯಿತು. ನೀರು ಬೇಗ ಕುದಿದು ರಿಸರ್ವ್ ಡಬ್ಬಿಗೆ ಉಕ್ಕುತ್ತದೆ. ಹೊಸದು ತರುವಾಗ ಹಳೆಯದರ ಮೇಲೆ ಒತ್ತಡದ ನಂಬರ್ 0.9 ಅಂತಲೋ 1.1 ಅಂತಲೋ ಏನಿದೆಯೋ ಅದೇ ನಂಬರಿನದು ತನ್ನಿ. ಜಾಸ್ತಿ ಒತ್ತಡದ್ದು ಹಾಕಿದರೆ ಹಳೇ ಹೋಸ್, ಹಳೇ ರೇಡಿಯೇಟರ್ ತಡೆಯುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯ ಹೋಸ್ ಬೆಳಿಗ್ಗೆ ಚಪ್ಪಟೆಯಾಗಿದ್ದರೂ ತಪ್ಪು ಈ ಕ್ಯಾಪಿನದೇ, ಡಬ್ಬಿಯಿಂದ ನೀರು ವಾಪಸ್ ಬಿಡುವ ಚಿಕ್ಕ ವಾಲ್ವ್ ಕಚ್ಚಿಕೊಂಡಿರುತ್ತದೆ.

ನೀವು ಕೂಲೆಂಟ್ ಬದಲಾಯಿಸಿದ್ದೀರಲ್ವಾ, ಆಮೇಲೆ ಒಳಗಿನ ಗಾಳಿ ಪೂರ್ತಿ ತೆಗೆದರಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಏರ್ ಲಾಕ್ ಆಗಿದ್ದರೆ, ಅಂದರೆ ಗಾಳಿ ಸಿಕ್ಕಿಕೊಂಡು ನೀರು ಸುತ್ತದಂತೆ ತಡೆದಿದ್ದರೆ, ಹೊಸ ಕೂಲೆಂಟ್ ಹಾಕಿಯೂ ಪ್ರಯೋಜನ ಇಲ್ಲ. ಗುರುತು ಸುಲಭ: ಎಂಜಿನ್ ಬಿಸಿಯಾಗಿದೆ, ಆದರೆ ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ. ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ಕ್ಯಾಪ್ ತೆಗೆದು, ಹೀಟರ್ ಫುಲ್ ಇಟ್ಟು ಸ್ಟಾರ್ಟ್ ಮಾಡಿ. ಗುಳ್ಳೆ ಬಂದು ಮಟ್ಟ ಇಳಿದ ಹಾಗೆ ತುಂಬುತ್ತಾ ಹೋಗಿ. ಗಾಳಿ ಬಿಡಲು ಇಟ್ಟ ಬ್ಲೀಡ್ ಸ್ಕ್ರೂ ಇದ್ದರೆ ಅದನ್ನೂ ಸಡಿಲಿಸಿ, ಗಾಳಿಯಿಲ್ಲದೆ ನೀರು ಬರುವವರೆಗೆ ಬಿಡಿ. ಚೆಲ್ಲಿದ ಕೂಲೆಂಟನ್ನು ನೀರು ಹಾಕಿ ತೊಳೆದುಬಿಡಿ. ಅದು ಸಿಹಿಯಾಗಿರುತ್ತದೆ, ಆದರೆ ವಿಷ. ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಮುಳ್ಳನ್ನೇ ಪೂರ್ತಿ ನಂಬಬೇಡಿ. ಹಳೇ ಗಾಡಿಯಲ್ಲಿ ಸೆನ್ಸರ್, ಅದರ ಅರ್ಥ್ ಎರಡೂ ಸುಳ್ಳು ಹೇಳುತ್ತವೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಎರವಲು ಸಿಕ್ಕರೆ ಥರ್ಮೋಸ್ಟಾಟ್ ಕೂತಿರುವ ಜಾಗಕ್ಕೆ ಹಿಡಿದು ನೋಡಿ. ಮುಳ್ಳು ಕೆಂಪಿನಲ್ಲಿದ್ದು ಅಲ್ಲಿ 90 ತೋರಿಸಿದರೆ, ಹೋಸಿನಲ್ಲೂ ಕುದಿಯುವ ಶಬ್ದ ಇಲ್ಲದಿದ್ದರೆ, ನೀವು ಇಷ್ಟು ದಿನ ಹುಡುಕುತ್ತಿದ್ದದ್ದು ಇಲ್ಲದ ಕಾಯಿಲೆಯನ್ನು. ಅದನ್ನೇ ರೇಡಿಯೇಟರ್ ಮೇಲೆ ಅಡ್ಡಡ್ಡ ಆಡಿಸಿ. ಬಿಸಿಯ ನಡುವೆ ಒಂದು ಕಡೆ ಮಾತ್ರ ತೀರಾ ತಣ್ಣಗಿದ್ದರೆ ಅಲ್ಲಿನ ನಳಿಕೆಗಳು ಒಳಗೆ ಉಪ್ಪುಗಟ್ಟಿ ಮುಚ್ಚಿವೆ.

ಒಂದು ವೇಳೆ ಮುಂದೆ ಜೋರಾಗಿ ಓಡಿಸುವಾಗಲೂ ಬಿಸಿಯಾಗಲು ಶುರುವಾದರೆ ದಾರಿ ಬೇರೆ. ಆಗ ಒಳಗೆ ಕಟ್ಟಿಕೊಂಡ ರೇಡಿಯೇಟರ್, ರೆಕ್ಕೆ ಸವೆದ ವಾಟರ್ ಪಂಪ್, ಜಾರುವ ಬೆಲ್ಟ್ ನೋಡಬೇಕು. ಕೆಳಗಿನ ಹೋಸನ್ನೂ ಮರೆಯಬೇಡಿ. ಅದು ಪಂಪ್ ಎಳೆಯುವ ಕಡೆ ಇದ್ದರೆ, ಮೆತ್ತಗಾದ ಹೋಸ್ ರೆವ್ ಏರಿದಾಗ ಒಳಕ್ಕೆ ಕುಸಿದು ನೀರು ನಿಲ್ಲಿಸುತ್ತದೆ, ಆಫ್ ಮಾಡಿದಾಗ ಮೊದಲಿನಂತೆ ದುಂಡಗಾಗುತ್ತದೆ. ಹಳೇ ಡಿಸ್ಟ್ರಿಬ್ಯೂಟರ್ ಗಾಡಿಯಾದರೆ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಹಿಂದೆ ಬಿದ್ದಿದ್ದರೂ ಎಂಜಿನ್ ಬಿಸಿಯಾಗುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗಿಲ್ಲ ಅಂತ ನಾನು ಇಲ್ಲಿ ಕೂತು ಆಣೆ ಮಾಡಲಾರೆ. ಇಷ್ಟು ದಿನ ಬಿಸಿಯಲ್ಲೇ ಓಡಿಸಿದ್ದರಿಂದ ಹೋಗಿರಲೂಬಹುದು. ಆದರೆ ಬಿಚ್ಚದೆಯೇ ಗೊತ್ತುಮಾಡಿಕೊಳ್ಳಬಹುದು. ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬೆಚ್ಚಗೂ ಆಗದಿರುವಾಗ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಸೇರುತ್ತಿದೆ. ಗಾಳಿ ತೆಗೆದ ಮೇಲೂ ರೇಡಿಯೇಟರಿನಲ್ಲಿ ನಿಲ್ಲದೆ ಗುಳ್ಳೆ ಬರುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಹೊರಗೆಲ್ಲೂ ಸೋರದೆ ನೀರು ಕಮ್ಮಿಯಾಗುವುದು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದಂತೆ ಕಾಣುವುದು, ಇವೂ ಗುರುತುಗಳು. ಆಯಿಲ್ ಕ್ಯಾಪಿನ ಕೆಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದರೆ ಹೆದರಬೇಡಿ, ಬರೀ ಹತ್ತಿರದ ಓಡಾಟ ಮಾಡುವ ಗಾಡಿಯಲ್ಲಿ ತೇವಾಂಶದಿಂದ ಹಾಗಾಗುತ್ತದೆ. ಖಚಿತವಾಗಿ ತಿಳಿಯಲು ಬ್ಲಾಕ್ ಟೆಸ್ಟ್ ಮಾಡಿಸಿ: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ, ಎಂಜಿನ್ ಗ್ಯಾಸ್ ಇದ್ದರೆ ಪೆಟ್ರೋಲ್ ಗಾಡಿಗೆ ಅದು ಹಳದಿಗೆ ತಿರುಗುತ್ತದೆ. ಜೊತೆಗೆ ಒಂದೊಂದೇ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಕೂಡ ಮಾಡಿದರೆ ಯಾವ ಸಿಲಿಂಡರ್ ಅಂತ ಸುಳಿವು ಸಿಗುತ್ತದೆ.

ಅಲ್ಲಿಯವರೆಗೆ ಓಡಿಸಲೇಬೇಕಾದರೆ ಮುಳ್ಳು ಏರಿದ ಕೂಡಲೇ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಬಿಸಿಗೆ ತಿರುಗಿಸಿ ಬ್ಲೋವರ್ ಫುಲ್ ಇಡಿ. ಸೆಕೆಯಾಗುತ್ತದೆ, ಆದರೆ ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ಅದಕ್ಕೂ ಇಳಿಯದಿದ್ದರೆ ಪಕ್ಕಕ್ಕೆ ಹಾಕಿ ಆಫ್ ಮಾಡಿಬಿಡಿ. ಇನ್ನೊಂದು ಕಿಲೋಮೀಟರ್ ಅಷ್ಟೇ ಅಂತ ಮುಂದೆ ಹೋಗಬೇಡಿ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವುದು ಆ ಒಂದು ಕಿಲೋಮೀಟರಿನಲ್ಲೇ.

ಟೆಸ್ಟ್‌ನಲ್ಲಿ ಹಳದಿ ಬಂದರೆ ಮಾತ್ರ ಹೆಡ್ ಬಿಚ್ಚಲು ಹೇಳಿ. ಆಗಲೂ ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚುವ ಮೊದಲು ಹೆಡ್ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ (ಸಂದಿ ಅಳೆಯುವ ತೆಳು ಪಟ್ಟಿಗಳು) ಅಳೆಯಲು ಒತ್ತಾಯ ಮಾಡಿ. ಕಂಪನಿ ಹೇಳಿದ ಮಿತಿಗಿಂತ ಜಾಸ್ತಿ ಸೊಟ್ಟಗಿದ್ದರೆ ಫೇಸಿಂಗ್ (ಮೆಷಿನ್‌ನಲ್ಲಿ ಸಮತಟ್ಟು) ಮಾಡಿಸದೆ ಕೂರಿಸಿದ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ. ಫ್ಯಾನ್ ಕನೆಕ್ಟರ್‌ನಲ್ಲಿ ಎಷ್ಟು ವೋಲ್ಟ್ ಬಂತು, ಹಾಳೆ ಅಂಟಿತಾ ಇಲ್ಲವಾ, ಇವೆರಡನ್ನು ನಾಳೆ ನೋಡಿ ಇಲ್ಲೇ ಬರೆಯಿರಿ, ಮುಂದಿನದನ್ನು ಸೇರಿಯೇ ನೋಡೋಣ.