ಫಾರ್ಮೇಶನ್ ಎಂಥಾಲ್ಪಿಗೆ ಒಂದು ಸೂತ್ರ, ಬಾಂಡ್ ಎನರ್ಜಿಗೆ ಉಲ್ಟಾ ಸೂತ್ರ ಯಾಕೆ?

ಫಾರ್ಮೇಶನ್ ಎಂಥಾಲ್ಪಿ (ಧಾತುಗಳಿಂದ ಒಂದು ಮೋಲ್ ವಸ್ತು ಆಗುವಾಗಿನ ಶಾಖದ ಲೆಕ್ಕ) ಕೊಟ್ಟರೆ ಪ್ರಾಡಕ್ಟ್‌ನಿಂದ (ಕೊನೆಗೆ ಸಿಗೋ ವಸ್ತು) ರಿಯಾಕ್ಟಂಟ್ (ಮೊದಲಿಗೆ ಇದ್ದ ವಸ್ತು) ಕಳೀಬೇಕು, ಬಾಂಡ್ ಎನರ್ಜಿ (ಒಂದು ಮೋಲ್ ಬಂಧ ಮುರಿಯೋಕೆ ಬೇಕಾದ ಶಕ್ತಿ) ಕೊಟ್ಟರೆ ರಿಯಾಕ್ಟಂಟ್‌ನಿಂದ ಪ್ರಾಡಕ್ಟ್ ಕಳೀಬೇಕು. ಪರೀಕ್ಷೆಯಲ್ಲಿ ಇವೆರಡೂ ಅದಲುಬದಲಾಗುತ್ತೆ, ಮೀಥೇನ್ ಉರಿಯೋ ಲೆಕ್ಕಕ್ಕಂತೂ ಎರಡು ದಾರಿಯಲ್ಲಿ ಎರಡು ಉತ್ತರ ಬರುತ್ತೆ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡ್ತೀನಿ, ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತೆ.

ಎರಡು ಸೂತ್ರ ಬಾಯಿಪಾಠ ಮಾಡೋದನ್ನ ಮೊದಲು ಬಿಡಿ. ಇರೋದು 1840ರಲ್ಲಿ ರಸಾಯನವಿಜ್ಞಾನಿ ಹೆಸ್ ಹೇಳಿದ ಒಂದೇ ನಿಯಮ: ಹೊರಟ ಜಾಗ, ಮುಟ್ಟಿದ ಜಾಗ ಅವೇ ಆಗಿದ್ದರೆ, ಯಾವ ದಾರಿ ಹಿಡಿದರೂ ಒಟ್ಟು ಎಂಥಾಲ್ಪಿ ಬದಲಾವಣೆ ಅಷ್ಟೇ. ನೀವು ನೋಡಬೇಕಾದ್ದು ನಡುವೆ ಎಲ್ಲಿ ತಂಗ್ತೀರಿ ಅನ್ನೋದನ್ನ. ಫಾರ್ಮೇಶನ್ ದಾರಿಯಲ್ಲಿ ತಂಗುದಾಣ ಧಾತುಗಳು. ರಿಯಾಕ್ಟಂಟ್‌ಗಳನ್ನ ಒಡೆದು ಧಾತುಗಳಿಗೆ ಮರಳಿಸೋದು ಫಾರ್ಮೇಶನ್ನಿನ ಉಲ್ಟಾ ಕೆಲಸ, ಅದಕ್ಕೇ ಅವುಗಳ ಚಿಹ್ನೆ ತಿರುಗುತ್ತೆ. ಬಾಂಡ್ ದಾರಿಯಲ್ಲಿ ತಂಗುದಾಣ ಬಿಡಿ ಪರಮಾಣುಗಳು. ಬಂಧ ಮುರಿಯೋಕೆ ಶಾಖ ಕೊಡಬೇಕು, ಕೂಡಿದರೆ ಶಾಖ ವಾಪಸ್. ಹಾಗಾಗಿ ರಿಯಾಕ್ಟಂಟ್ ಪ್ಲಸ್, ಪ್ರಾಡಕ್ಟ್ ಮೈನಸ್.

ಗೋಡೆಗೆ ಬಳಿಯೋಕೆ ಸುಟ್ಟ ಸುಣ್ಣದ ಕಲ್ಲನ್ನ ಡ್ರಮ್ಮಿನ ನೀರಿಗೆ ಹಾಕಿದ್ದು ನೋಡಿರಬಹುದು. ಬೆಂಕಿಯೇ ಇಲ್ಲದೆ ಕೊತಕೊತ ಕುದಿಯುತ್ತೆ, ಕಲ್ಲು ಬಿರಿದು ಅರಳುತ್ತೆ, ಡ್ರಮ್ಮು ಮುಟ್ಟೋಕಾಗಲ್ಲ. ಫಾರ್ಮೇಶನ್ ಎಂಥಾಲ್ಪಿಗಳಿಂದ (ಮೋಲ್‌ಗೆ ಕಿಲೋಜೂಲ್‌ನಲ್ಲಿ) ಲೆಕ್ಕ ಹಾಕಿ: ಅರಳಿದ ಸುಣ್ಣ −986.1, ಸುಟ್ಟ ಸುಣ್ಣ −635.1, ನೀರು −285.8. ಕಳೆದರೆ ಮೋಲ್‌ಗೆ −65.2 ಕಿಲೋಜೂಲ್. ಅಂದರೆ ಬರೀ 56 ಗ್ರಾಂ, ಅಂದರೆ ಒಂದು ಮೋಲ್, ಸುಟ್ಟ ಸುಣ್ಣದಿಂದ ಹೊರಬರೋ ಶಾಖ, 200 ಮಿಲಿ ನೀರನ್ನ 25 ಡಿಗ್ರಿಯಿಂದ ಕುದಿಯೋ ಮಟ್ಟಕ್ಕೆ ತರೋಕೆ ಸಾಕು. ಕಣ್ಣಿಗೆ ಸುಣ್ಣದ ಹನಿ ಹಾರದ ಹಾಗೆ ದೂರ ನಿಲ್ಲಿ ಅಂತ ದೊಡ್ಡವರು ಹೇಳೋದು ಸುಮ್ಮನೆ ಅಲ್ಲ.

ಈಗ ನಿಮ್ಮ ಮೀಥೇನ್. ಫಾರ್ಮೇಶನ್ ದಾರಿ: ಇಂಗಾಲದ ಡೈಆಕ್ಸೈಡ್ −393.5, ಎರಡು ಮೋಲ್ ನೀರು −571.6, ಇದರಿಂದ ಮೀಥೇನಿನ −74.8 ಕಳೆದರೆ −890.3. ಬಾಂಡ್ ದಾರಿ: ನಾಲ್ಕು ಕಾರ್ಬನ್-ಹೈಡ್ರೋಜನ್ ಬಂಧ (413), ಎರಡು ಆಕ್ಸಿಜನ್ ಜೋಡಿಬಂಧ (498) ಮುರಿಯೋಕೆ 2648, ಎರಡು ಕಾರ್ಬನ್-ಆಕ್ಸಿಜನ್ ಜೋಡಿಬಂಧ (799), ನಾಲ್ಕು ಆಕ್ಸಿಜನ್-ಹೈಡ್ರೋಜನ್ ಬಂಧ (463) ಕೂಡಿದಾಗ 3450 ವಾಪಸ್. ಉತ್ತರ −802. ನಿಮ್ಮ ಎರಡೂ ಲೆಕ್ಕ ಸರಿಯಾಗೇ ಇದೆ! ಬಾಂಡ್ ಎನರ್ಜಿ ಅನ್ನೋದು ಅನಿಲ ಸ್ಥಿತಿಯ ಅಣುಗಳಿಗೆ ಮಾತ್ರ, ಅಲ್ಲಿ ಸಿಗೋ ನೀರು ಆವಿ. ಫಾರ್ಮೇಶನ್ನಿನಲ್ಲಿ ನೀವು ತಗೊಂಡಿದ್ದು ದ್ರವ ನೀರು. ಒಂದು ಮೋಲ್ ಆವಿ ನೀರಾದರೆ 44 ಕಿಲೋಜೂಲ್ ಬಿಡುತ್ತೆ, ಎರಡಕ್ಕೆ 88. ವ್ಯತ್ಯಾಸ ಅಷ್ಟೇ ಇದೆ, ನೋಡಿ. ನೀರಾವಿಯ −241.8 ಹಾಕಿದರೆ ಫಾರ್ಮೇಶನ್ ದಾರಿಯಲ್ಲೂ −802.3 ಬರುತ್ತೆ. ಗೋಬರ್ ಗ್ಯಾಸ್ ಒಲೆಯಲ್ಲೂ ನೀರು ಆವಿಯಾಗೇ ಹೋಗೋದು, ಅಡುಗೆಗೆ ದಕ್ಕೋ ಲೆಕ್ಕ ಈ ಚಿಕ್ಕ ಸಂಖ್ಯೆಯದೇ.

ಸಮೀಕರಣದಲ್ಲಿ ದ್ರವವೋ ಅನಿಲವೋ ಅನ್ನೋ ಬ್ರಾಕೆಟ್ಟಿನ ಗುರುತನ್ನ ಸಂಖ್ಯೆ ಹಾಕೋ ಮುಂಚೆ ಓದಿ. ಬಾಂಡ್ ಎನರ್ಜಿಗಳು ಹೆಚ್ಚಿನವು ಸರಾಸರಿ ಬೆಲೆಗಳು, ಹಾಗಾಗಿ ಬೇರೆ ಲೆಕ್ಕಗಳಲ್ಲಿ ಇಷ್ಟು ಚೊಕ್ಕವಾಗಿ ಹೊಂದದೇ ಇರಬಹುದು, ಗಾಬರಿ ಬೇಡ.

ಸುಣ್ಣದ ಕಲ್ಲನ್ನ ಭಟ್ಟಿಯಲ್ಲಿ ಸುಡೋ ಲೆಕ್ಕವನ್ನ ನೀವೇ ಮಾಡಿ. ಸುಣ್ಣದ ಕಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ −1206.9; ಸುಟ್ಟಾಗ ಸಿಗೋ ಸುಟ್ಟ ಸುಣ್ಣ, ಇಂಗಾಲದ ಡೈಆಕ್ಸೈಡ್ ಎರಡರದ್ದೂ ಮೇಲೆಯೇ ಇದೆ. ಪ್ಲಸ್ 178.3 ಬರಬೇಕು; ಬರದಿದ್ದರೆ ನಿಮ್ಮ ಸಾಲುಗಳನ್ನ ಇಲ್ಲೇ ಕೆಳಗೆ ಬರೀರಿ, ಎಲ್ಲಿ ತಪ್ಪಿದೆ ನೋಡೋಣ.